ಉಯ್ಯಾಲೆಯ ಕೆಳಗೇನಿದೆ?

ಬಡಾವಣೆಯ ಪಾರ್ಕಿಗೆ ಹೊಸ ಜಾರುಬಂಡೆ, ಉಯ್ಯಾಲೆ ಬಂದಾಗ ಎಲ್ಲರೂ ನೋಡುವುದು ಬಣ್ಣದ ಪೈಪುಗಳನ್ನು. ಅವುಗಳ ಕೆಳಗೇನು ಹಾಕಿದ್ದಾರೆಂದು ಬಗ್ಗಿ ನೋಡುವವರು ಕಡಿಮೆ. ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ ಅಲ್ಲಿರುವುದು ತುಳಿದು ತುಳಿದು ಕಲ್ಲಿನಂತಾದ ಮಣ್ಣು, ಇಲ್ಲವೇ ವಾಕಿಂಗ್ ಪಥಕ್ಕೆ ಹಾಕಿದ ಅದೇ ಸಿಮೆಂಟ್ ಟೈಲ್ಸ್.

ನಾಲ್ಕಡಿ ಎತ್ತರದಿಂದ ಬಿದ್ದ ಮಗು ಗಂಟೆಗೆ ಸುಮಾರು 17 ಕಿ.ಮೀ. ವೇಗದಲ್ಲಿ ನೆಲಕ್ಕೆ ತಾಗುತ್ತದೆ. ಆ ವೇಗ ಎಷ್ಟು ದೂರದೊಳಗೆ ಸೊನ್ನೆಗಿಳಿಯುತ್ತದೆ ಎಂಬುದರ ಮೇಲೆ ಪೆಟ್ಟಿನ ಬಿರುಸು ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ; ಪೆಟ್ಟು ಗುರುತ್ವದ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಕಾಂಕ್ರೀಟಿನ ಮೇಲೆ ತಲೆಗೆ ಅರ್ಧ ಸೆಂಟಿಮೀಟರ್ ಸಿಕ್ಕಿತೆನ್ನಿ: 120 ಸೆಂ.ಮೀ. ಭಾಗಿಸು 0.5, ಅಂದರೆ ಗುರುತ್ವದ 240 ಪಟ್ಟು. ಸಡಿಲ ಮರಳು ಐದು ಸೆಂಟಿಮೀಟರ್ ಕುಸಿದುಕೊಟ್ಟರೆ ಬರೀ 24 ಪಟ್ಟು. ಇದು ಒರಟು ಲೆಕ್ಕವೇ ಸರಿ, ಆದರೂ ಅಮೆರಿಕದ ಆಟದಂಗಳ ಮಾನದಂಡ 200 ಪಟ್ಟಿಗೆ ಗೆರೆ ಎಳೆಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಮೆತ್ತಗಿದ್ದಷ್ಟೂ ಒಳ್ಳೆಯದೇ? ತಲೆಯ ಮಟ್ಟಿಗೆ ಹೌದು. ಒಂಬತ್ತು ಇಂಚು ಮರಳು ನಾಲ್ಕಡಿಯ ಬೀಳುವಿಕೆಗೆ ಸಾಕು; ಅಷ್ಟೇ ದಪ್ಪದ ಮರದ ಚಕ್ಕೆ ಹತ್ತು ಅಡಿಯವರೆಗೂ ತಡೆಯುತ್ತದೆ ಎನ್ನುತ್ತದೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ. ಆದರೆ ಬೀಳುವ ಮಗು ಮೊದಲು ಊರುವುದು ಕೈ. ಟೊರಾಂಟೊದ ಶಾಲೆಗಳಲ್ಲಿ ಮರಳನ್ನೂ ಮರದ ನಾರಿನ ಹಾಸನ್ನೂ ಹೋಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಾರಿನ ಮೇಲೆ ಬಿದ್ದು ಕೈಮೂಳೆ ಮುರಿದುಕೊಳ್ಳುವ ಪ್ರಮಾಣ ಮರಳಿಗಿಂತ ಸುಮಾರು ಐದು ಪಟ್ಟು ಇತ್ತು! ಮರಳಿನಲ್ಲಿ ಊರಿದ ಅಂಗೈ ಜಾರಿಕೊಂಡು ಮುಂದೆ ಹೋಗುತ್ತದೆ. ನಾರು ಅದನ್ನು ಹಿಡಿದು ನಿಲ್ಲಿಸಿದರೆ ಮೈಭಾರವೆಲ್ಲ ಮುಂಗೈ ಮೂಳೆಯ ಮೇಲೆ ಬೀಳುತ್ತದೆ. ಕಾರಣ ಈ ಘರ್ಷಣೆಯೇ ಇರಬೇಕು.

ನನ್ನನ್ನು ಕೇಳಿದರೆ, ನಮ್ಮ ಬಡಾವಣೆಗಳಿಗೆ ಹೊಂದುವುದು ಎತ್ತರ ಕಡಿಮೆಯ ಆಟಿಕೆ, ಕೆಳಗೆ ಮರಳು. ರಬ್ಬರ್ ಹಾಸು ನೋಡಲು ಚೆಂದ, ಬೆಲೆಯೂ ಹಾಗೇ ಇದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ರಬ್ಬರಿನ ಮೇಲೆ ಬರಿಗಾಲಿಟ್ಟ ಮಗು ಆಟ ಬಿಟ್ಟು ಓಡುತ್ತದೆ; ವರ್ಷಗಟ್ಟಲೆ ಬಿಸಿಲುಂಡ ರಬ್ಬರ್ ಗಟ್ಟಿಯೂ ಆಗುತ್ತದೆ.

ಮರಳಿಗೂ ತಕರಾರುಗಳಿವೆ. ಬೀದಿನಾಯಿ, ಬೆಕ್ಕುಗಳಿಗೆ ಅದು ಶೌಚದ ಜಾಗ, ಹಾಗಾಗಿ ಸುತ್ತ ಬೇಲಿ ಬೇಕು. ಕಟ್ಟಡಕ್ಕೆ ತಂದ ಎಂ-ಸ್ಯಾಂಡನ್ನು ಹಾಗೇ ಸುರಿದರೆ ಅದರ ಕಲ್ಲುಪುಡಿ ಒಂದೆರಡು ಮಳೆಗೆ ಹೆಪ್ಪುಗಟ್ಟುತ್ತದೆ. ತೊಳೆದ ಮರಳೇ ಬೇಕು, ತಳದಲ್ಲಿ ನೀರು ಬಸಿಯುವಂತೆ ಜಲ್ಲಿಯೂ ಬೇಕು. ಉಯ್ಯಾಲೆಯ ಕೆಳಗಂತೂ ಕಾಲಿನಿಂದ ಒದ್ದು ಒದ್ದು ಮರಳು ಬದಿಗೆ ಸರಿದು ಗುಂಡಿ ಬೀಳುತ್ತದೆ. ಹೆಚ್ಚು ಬೀಳುವ ಜಾಗದಲ್ಲೇ ಮರಳು ತೆಳುವಾಗುವುದರಿಂದ, ಗಿಡಕ್ಕೆ ನೀರು ಬಿಡುವ ಮಾಲಿಯ ಕೈಗೆ ಒಂದು ಕುಂಟೆಯನ್ನೂ ಕೊಟ್ಟು, ವಾರಕ್ಕೊಮ್ಮೆ ಮರಳನ್ನು ನಡುವಿಗೆ ಎಳೆಸಬೇಕು.