ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಾ?

“ದಿನಾ ರಾತ್ರಿ ಒಂದು ಸಣ್ಣ ಗ್ಲಾಸ್ ರೆಡ್ ವೈನ್ ತಗೊಂಡ್ರ ಹಾರ್ಟಿಗೆ ಚಲೋ ಅಂತಲ್ಲೋ?” ಧಾರವಾಡದ ನಮ್ಮ ಕಾಕಾ ಕೇಳಿದ ಪ್ರಶ್ನೆ ಇದು. ಕಾಕಾ ಯಾವತ್ತೂ ಕುಡಿದವರಲ್ಲ. ಬಿಪಿ ಮಾತ್ರೆ ಇದೆ, ರಾತ್ರಿ ಜೋಳದ ರೊಟ್ಟಿ ಇದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ, ಇಷ್ಟು ವರ್ಷ ಔಷಧಿಯನ್ನೇ ಬಿಟ್ಟು ಕೂತಿದ್ದೆನೇನೋ ಎಂಬ ಅನುಮಾನ ಬಂದಿದೆ.

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. 1991ರಲ್ಲಿ ಅಮೆರಿಕದ ಟಿವಿಯಲ್ಲಿ ಫ್ರಾನ್ಸಿನ ವಿಜ್ಞಾನಿ ಸೆರ್ಜ್ ರೆನೋ ಕಾಣಿಸಿಕೊಂಡರು. ಫ್ರೆಂಚರು ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುತ್ತಾರೆ, ಆದರೂ ಹೃದ್ರೋಗದಿಂದ ಸಾಯುವವರು ಕಡಿಮೆ. ಇದಕ್ಕೆ ವೈನ್ ಕಾರಣ ಇರಬಹುದು ಎಂದರು. ಅಮೆರಿಕದಲ್ಲಿ ಕೆಂಪು ವೈನ್ ಮಾರಾಟ ಏರಿಬಿಟ್ಟಿತು. ಬೇರೆ ಬೇರೆ ದೇಶಗಳ ದೊಡ್ಡ ಅಧ್ಯಯನಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು: ಸ್ವಲ್ಪವೇ ಕುಡಿಯುವವರು, ಏನೂ ಕುಡಿಯದವರಿಗಿಂತ ಚೆನ್ನಾಗಿದ್ದಾರೆ.

ತಕರಾರು ಶುರುವಾಗುವುದು ಆ ‘ಕುಡಿಯದವರು’ ಯಾರು ಅನ್ನುವಲ್ಲಿ. ನಮ್ಮ ಹುಬ್ಬಳ್ಳಿಯನ್ನೇ ತಗೊಳ್ಳಿ. ಇವತ್ತು ಕುಡಿಯದವರ ಪಟ್ಟಿ ಮಾಡಿದರೆ ಅದರಲ್ಲಿ ಕಾಕಾನಂಥವರು ಇರುತ್ತಾರೆ. ಲಿವರ್ ಕೆಟ್ಟು, ಡಾಕ್ಟರ್ ಬೈದ ಮೇಲೆ ಬಿಟ್ಟವರೂ ಅದೇ ಪಟ್ಟಿಗೆ ಸೇರುತ್ತಾರೆ. ಕಾಯಿಲೆ ಬಂದು ಬಿಟ್ಟವರು ಆ ಗುಂಪಿನಲ್ಲಿ ಕೂತರೆ ಗುಂಪಿನ ಆರೋಗ್ಯ ಕೆಳಗಿಳಿಯಲೇಬೇಕು, ಅಲ್ವಾ? ಪಕ್ಕದಲ್ಲಿ ನಿಂತ ‘ಸ್ವಲ್ಪ ಕುಡಿಯುವವರು’ ತಾನಾಗಿಯೇ ಗಟ್ಟಿಮುಟ್ಟಾಗಿ ಕಾಣುತ್ತಾರೆ. ಬ್ರಿಟನ್ನಿನ ಸಂಶೋಧಕ ಜೆರಾಲ್ಡ್ ಶೇಪರ್ 1988ರಲ್ಲೇ ಈ ತೊಡಕನ್ನು ಎತ್ತಿ ತೋರಿಸಿದ್ದರು. ರೆನೋ ಟಿವಿಗೆ ಬರುವ ಮೊದಲೇ!

ಇನ್ನೊಂದು ಅಧ್ಯಯನ ನನಗೆ ಬಹಳ ಇಷ್ಟ. ಡೆನ್ಮಾರ್ಕಿನ ಸಂಶೋಧಕರು ಯಾರ ರಕ್ತವನ್ನೂ ತೆಗೆಯಲಿಲ್ಲ, ಸೂಪರ್‌ಮಾರ್ಕೆಟ್ ಬಿಲ್ಲುಗಳನ್ನು ಓದಿದರು. ಸುಮಾರು 35 ಲಕ್ಷ ಬಿಲ್ಲು! ವೈನ್ ಕೊಂಡವರ ಬುಟ್ಟಿಯಲ್ಲಿ ಹಣ್ಣು, ತರಕಾರಿ, ಆಲಿವ್, ಕೊಬ್ಬು ಕಡಿಮೆ ಇರುವ ಚೀಸ್ ಜಾಸ್ತಿ. ಬಿಯರ್ ಕೊಂಡವರ ಬುಟ್ಟಿಯಲ್ಲಿ ಚಿಪ್ಸ್, ಸಕ್ಕರೆ, ಬೆಣ್ಣೆ, ಸಿದ್ಧ ಊಟ ಜಾಸ್ತಿ. 2006ರಲ್ಲಿ ಇದು ಪ್ರಕಟವಾಯಿತು. ಹಾಗಾದರೆ ಹೃದಯ ಕಾಯ್ದದ್ದು ಬಾಟಲಿಯೋ, ಅದರ ಪಕ್ಕದ ಸೊಪ್ಪೋ? ನಮ್ಮಲ್ಲಿ ಬಿಲ್ಲು ನೋಡಿದರೂ ಇಂಥದ್ದೇ ಏನೋ ಸಿಕ್ಕೀತು. ಹುಬ್ಬಳ್ಳಿಯಲ್ಲಿ ಊಟದ ಜೊತೆ ಅಳೆದು ಒಂದೇ ಗ್ಲಾಸ್ ವೈನ್ ಕುಡಿಯುವವರ ಹತ್ತಿರ ದುಡ್ಡಿರುತ್ತದೆ, ವರ್ಷಕ್ಕೊಮ್ಮೆ ಚೆಕಪ್ ಮಾಡಿಸುವ ರೂಢಿಯೂ ಇರುತ್ತದೆ.

ವೈನಿನ ಪರ ವಾದಿಸುವವರು ಈಗ ರೆಸ್ವೆರಟ್ರಾಲ್ ಹೆಸರು ಎತ್ತುತ್ತಾರೆ. ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ವಸ್ತು ಇದು. ಸಿಪ್ಪೆಯ ಜೊತೆಗೇ ರಸ ಹುಳಿಯುವುದರಿಂದ ಬಿಳಿ ವೈನಿಗಿಂತ ಕೆಂಪು ವೈನಿನಲ್ಲಿ ಹೆಚ್ಚು ಇರುತ್ತದೆ. 2006ರಲ್ಲಿ ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಇದನ್ನು ಕೊಟ್ಟಾಗ ಅವು ಹೆಚ್ಚು ಕಾಲ ಬದುಕಿದವು. ಪತ್ರಿಕೆಗಳು ಕುಣಿದವು. ಆದರೆ ಡೋಸ್ ನೋಡಿ: ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 22 ಮಿಲಿಗ್ರಾಂ. ಹಾಗೇ ಲೆಕ್ಕ ಹಾಕಿದರೆ 60 ಕಿಲೋದ ಮನುಷ್ಯನಿಗೆ 1,320 ಮಿಲಿಗ್ರಾಂ ಬೇಕು. ಒಂದು ಲೀಟರ್ ಕೆಂಪು ವೈನಿನಲ್ಲಿ ಎರಡು ಮಿಲಿಗ್ರಾಂ ಇದೆ ಅಂದುಕೊಂಡರೂ ದಿನಕ್ಕೆ 660 ಲೀಟರ್ ಆಯಿತು. ಮಾಳಿಗೆ ಮೇಲಿನ 500 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಕೂಡ ಸಾಲುವುದಿಲ್ಲ. ಅಂದಹಾಗೆ, ಕುದಿಸಿದ ಶೇಂಗಾದಲ್ಲೂ ಈ ರೆಸ್ವೆರಟ್ರಾಲ್ ಇದೆ. ಅಲ್ಲೂ ಚೂರೇ ಚೂರು. ಶೇಂಗಾ ತಿನ್ನಲು ಬೇರೆ ಒಳ್ಳೆಯ ಕಾರಣಗಳಿವೆ ಬಿಡಿ.

ಹಾಗಂತ ವೈನಿನಿಂದ ದೇಹದಲ್ಲಿ ಏನೂ ಆಗುವುದಿಲ್ಲ ಎಂದಲ್ಲ. ಇಸ್ರೇಲಿನಲ್ಲಿ 224 ಸಕ್ಕರೆ ಕಾಯಿಲೆಯವರನ್ನು ಮೂರು ಗುಂಪು ಮಾಡಿ, ರಾತ್ರಿ ಊಟಕ್ಕೆ 150 ಮಿಲಿ ಕೆಂಪು ವೈನ್, ಬಿಳಿ ವೈನ್ ಅಥವಾ ನೀರು ಕೊಟ್ಟು ಎರಡು ವರ್ಷ ನೋಡಿದರು. ಕೆಂಪು ವೈನಿನವರ ಎಚ್‌ಡಿಎಲ್, ಅಂದರೆ ‘ಒಳ್ಳೆಯ’ ಕೊಲೆಸ್ಟ್ರಾಲ್, ತುಸು ಏರಿತು. ಇದು ನಿಜವಾದ ಪ್ರಯೋಗ. ಆದರೆ ಎಚ್‌ಡಿಎಲ್ ಏರಿದ ಮಾತ್ರಕ್ಕೆ ಹೃದಯ ಉಳಿಯುವುದಿಲ್ಲ. ಅದನ್ನು ಬಹಳ ಚೆನ್ನಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ಪ್ರಯೋಗವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮಾತ್ರೆ ತಗೊಂಡವರಲ್ಲೇ ಸಾವು ಜಾಸ್ತಿ ಇತ್ತು.

ಚೀನಾದಲ್ಲಿ ಅನೇಕರಿಗೆ ಒಂದು ಜೀನಿನ ಕಾರಣದಿಂದ ಮದ್ಯ ಒಗ್ಗುವುದಿಲ್ಲ. ಎರಡು ಗುಟುಕಿಗೇ ಮುಖ ಕೆಂಪಾಗಿ ಬಿಸಿಯೇರುತ್ತದೆ. ಹಾಗಾಗಿ ಅವರು ಕಡಿಮೆ ಕುಡಿಯುತ್ತಾರೆ. ಆ ಜೀನ್ ಯಾರಿಗೆ ಬರುತ್ತದೆ ಎಂಬುದು ಹುಟ್ಟಿನಲ್ಲೇ ನಿರ್ಧಾರ. ದುಡ್ಡು, ತರಕಾರಿ, ಡಾಕ್ಟರ್ ಬೈಗುಳ ಯಾವುದೂ ಅದನ್ನು ಬದಲಿಸಲಾರವು. 5 ಲಕ್ಷ ಜನರಿದ್ದ ಒಂದು ಅಧ್ಯಯನದಲ್ಲಿ ಹೀಗೆ ಜೀನ್ ಮೂಲಕ ನೋಡಿದಾಗ, 2019ರಲ್ಲಿ ಬಂದ ಉತ್ತರ ಇದು: ಮದ್ಯ ಏರಿದಂತೆ ಬಿಪಿ ಮತ್ತು ಪಾರ್ಶ್ವವಾಯು ಎರಡೂ ಏರುತ್ತವೆ. ಸ್ವಲ್ಪ ಕುಡಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂಬುದು ಎಲ್ಲೂ ಕಾಣಲಿಲ್ಲ. ಕಾಕಾಗೆ ನಾನು ಮೊದಲು ಹೇಳಿದ್ದು ಇದನ್ನೇ, ಅವರದು ಬಿಪಿ ತಾನೇ.

ಕ್ಯಾನ್ಸರ್ ವಿಷಯದಲ್ಲಿ ಇಷ್ಟೆಲ್ಲ ಜಗ್ಗಾಟ ಇಲ್ಲ. 1988ರಿಂದಲೇ ಮದ್ಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿನಲ್ಲಿ. ದೇಹದಲ್ಲಿ ಅದು ಅಸಿಟಾಲ್ಡಿಹೈಡ್ ಆಗಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಅದಕ್ಕೆ ವೈನ್, ವಿಸ್ಕಿ ಎಂಬ ಭೇದ ಗೊತ್ತಿಲ್ಲ. 150 ಮಿಲಿ ವೈನಿನಲ್ಲಿ ಸುಮಾರು 14 ಗ್ರಾಂ ಮದ್ಯಸಾರ ಇದೆ, 45 ಮಿಲಿ ವಿಸ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ಮುಖ್ಯವಾಗಿ ಕ್ಯಾನ್ಸರ್ ನೋಡಿ.

ಮಿತವಾಗಿ ಕುಡಿದರೆ ಹೃದಯಕ್ಕೆ ನಿಜಕ್ಕೂ ಒಳ್ಳೆಯದಾ ಎಂದು ತಿಳಿಯಲು, ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಪ್ರಯೋಗವೊಂದು ಅಮೆರಿಕದಲ್ಲಿ ಶುರುವಾಗಿತ್ತು. ಮದ್ಯ ಕಂಪನಿಗಳ ದುಡ್ಡು ಅದರಲ್ಲಿದೆ ಎಂದು ಗಲಾಟೆಯಾಗಿ 2018ರಲ್ಲಿ ನಿಂತುಹೋಯಿತು. ಈಗ ಸ್ಪೇನಿನ ನವಾರಾ ವಿಶ್ವವಿದ್ಯಾಲಯ ಅಂಥದ್ದೇ ಒಂದನ್ನು ಕೈಗೆತ್ತಿಕೊಂಡಿದೆ. 50 ದಾಟಿದವರಲ್ಲಿ ಕೆಲವರಿಗೆ ಮಿತವಾಗಿ ಕುಡಿಯಿರಿ, ಉಳಿದವರಿಗೆ ಪೂರ್ತಿ ಬಿಡಿ ಎಂದು ಸಲಹೆ ಕೊಟ್ಟು ನೋಡುತ್ತಾರೆ. ಅಲ್ಲೂ ಸೇರಿಸಿಕೊಳ್ಳುವುದು ಈಗಾಗಲೇ ಕುಡಿಯುವವರನ್ನು ಮಾತ್ರ. ಕಾಕಾ ಹೋಗಿ ಹೆಸರು ಕೊಟ್ಟರೆ ತಗೊಳ್ಳುವುದಿಲ್ಲ.