ನಿಂತ ವಿಮಾನದ ಎಂಜಿನ್ ಓಡಿಸುವುದು ಬೇರೆಯೇ ವಿದ್ಯೆ

ಕಾರವಾರದ ಟ್ಯಾಗೋರ್ ಕಡಲತೀರದ ಬಳಿ ಇಟ್ಟಿರುವ ಟುಪೊಲೆವ್ ವಿಮಾನವನ್ನು ಒಮ್ಮೆ ಹತ್ತಿರದಿಂದ ನೋಡಿ. ನಾಲ್ಕು ಎಂಜಿನ್. ಒಂದೊಂದಕ್ಕೂ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್, ತಿರುಗುವುದು ಎದುರುಬದುರು ದಿಕ್ಕಿಗೆ. 2017ರವರೆಗೆ ನೌಕಾಪಡೆಯಲ್ಲಿದ್ದ ಈ ವಿಮಾನ ನೋಡಿದವರೆಲ್ಲ ಪೈಲಟ್‌ಗಳ ಬಗ್ಗೆ ಕೇಳುತ್ತಾರೆ. ರಿಪೇರಿಯಾದ ಎಂಜಿನ್ನನ್ನು ನೆಲದ ಮೇಲೇ ಓಡಿಸಿ ನೋಡುವವರ ಬಗ್ಗೆ ಯಾರೂ ಕೇಳುವುದಿಲ್ಲ.

ಇಲ್ಲೇ ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ಬಿಚ್ಚಿ ಜೋಡಿಸಿದರೆ, ಧಕ್ಕೆಗೆ ಹಗ್ಗ ಬಿಗಿದು ಓಡಿಸಿ ನೋಡುತ್ತಾರೆ ಅಲ್ವಾ? ವಿಮಾನಕ್ಕೂ ಹಾಗೇ. ಎಣ್ಣೆ ಸೋರುತ್ತಿದೆಯೇ, ನಡುಕ ಜಾಸ್ತಿ ಇದೆಯೇ ಎಂಬುದು ಎಂಜಿನ್ ಓಡಿದಾಗಲೇ ಗೊತ್ತಾಗುವುದು. ಆದರೆ ಆಗ ಪೈಲಟ್ ಕುರ್ಚಿಯಲ್ಲಿ ಕೂರುವವರು ಎಷ್ಟೋ ಸಲ ಮೆಕ್ಯಾನಿಕ್‌ಗಳೇ. ರಿಪೇರಿ ಬಲ್ಲವನಿಗೆ ಇದೂ ಬರುತ್ತದೆ ಎಂದು ಸುಮ್ನೆ ನಂಬಿದ್ದರಿಂದ ಆದ ಅನಾಹುತಗಳು ಕಡಿಮೆಯಲ್ಲ.

1966ರ ಜುಲೈ 22ರಂದು ಇಂಗ್ಲೆಂಡಿನ ಲೈನಮ್‌ನಲ್ಲಿ ವಾಯುಪಡೆಯ ಎಂಜಿನಿಯರ್ ವಾಲ್ಟರ್ ಹೋಲ್ಡನ್ ಒಂದು ಲೈಟ್ನಿಂಗ್ ಜೆಟ್ಟಿನ ವಿದ್ಯುತ್ ದೋಷ ಹುಡುಕುತ್ತಿದ್ದರು. ರನ್‌ವೇ ಮೇಲೆ ಸ್ವಲ್ಪ ದೂರ ಓಡಿಸಿ ನಿಲ್ಲಿಸುವುದಷ್ಟೇ ಕೆಲಸ. ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿ, ಅಂದರೆ ಥ್ರಾಟಲ್, ಮಿತಿ ದಾಟಿತು; ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸಿ ವೇಗ ಕೊಡುವ ಆಫ್ಟರ್‌ಬರ್ನರ್ ಹೊತ್ತಿಕೊಂಡಿತು. ಥ್ರಾಟಲನ್ನು ಹಿಂದಕ್ಕೆ ಎಳೆಯಲು ಆಗಲಿಲ್ಲ. ವಿಮಾನ ಹಾರಿಯೇಬಿಟ್ಟಿತು! ಕಾಕ್‌ಪಿಟ್‌ಗೆ ಮೇಲ್ಮುಚ್ಚಳವಿಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ಅವರಿಗೆ ಗೊತ್ತಿದ್ದುದು ಸಣ್ಣ ತರಬೇತಿ ವಿಮಾನ ಹಾರಿಸುವುದು ಮಾತ್ರ. ಸುಮಾರು 12 ನಿಮಿಷದ ಮೇಲೆ, ಮೂರನೇ ಪ್ರಯತ್ನದಲ್ಲಿ ಇಳಿಸಿದರು. ಇದನ್ನು ಸಾಹಸದ ಕತೆಯಾಗಿ ಹೇಳುವವರೇ ಹೆಚ್ಚು. ನನಗೆ ಕಾಣುವುದು ಬೇರೆ: ಎಂಜಿನ್ನಿನ ಒಳಹೊರಗು ತಿಳಿದ ಮನುಷ್ಯನಿಗೆ ಆ ಒಂದು ಥ್ರಾಟಲ್‌ನ ಅಭ್ಯಾಸ ಇರಲಿಲ್ಲ.

2006ರ ಜನವರಿಯಲ್ಲಿ ಅಮೆರಿಕದ ಎಲ್ ಪಾಸೋದಲ್ಲಿ ಬೋಯಿಂಗ್ 737ರ ಎಣ್ಣೆ ಸೋರಿಕೆ ನೋಡುತ್ತಿದ್ದ ಮೆಕ್ಯಾನಿಕ್ ಒಬ್ಬರನ್ನು ಎಂಜಿನ್ ಒಳಗೆಳೆದುಕೊಂಡಿತು. ಇಂಥ ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೂ ಅದರ ಬಾಯಿಂದ ಸುಮಾರು 3 ಮೀಟರ್ ಒಳಗೆ ಯಾರೂ ಸುಳಿಯಬಾರದು. ವೇಗ ಏರಿದರೆ ಈ ದೂರವೂ ಏರುತ್ತದೆ. ಹತ್ತಿರ ಹೋಗಿ ನೋಡಲೇಬೇಕೆಂದರೆ ಒಳಗೆ ಕೂತವರು ವೇಗ ಇಳಿಸಬೇಕು, ಆಮೇಲೆಯೇ ಹೊರಗಿನವರು ಕಾಲಿಡಬೇಕು. ಹೆಡ್‌ಫೋನಿನಲ್ಲಿ ಮಾತು ಕಡಿದುಹೋದರೆ ಕೆಲಸ ಅಲ್ಲಿಗೇ ನಿಲ್ಲಬೇಕು.

ಮರುವರ್ಷ, 2007ರ ನವೆಂಬರ್ 15ರಂದು ಫ್ರಾನ್ಸ್‌ನ ತುಲೂಸ್‌ನಲ್ಲಿ, ಇನ್ನೂ ಗ್ರಾಹಕರ ಕೈಸೇರದ ಹೊಸ ಏರ್‌ಬಸ್ ಎ340 ಪರೀಕ್ಷೆಯ ನಡುವೆ ಮುನ್ನುಗ್ಗಿ ಗೋಡೆ ಹತ್ತಿತು. ಬ್ರೇಕ್ ಹಾಕಿಯೇ ಇತ್ತು. ಆದರೆ ಚಕ್ರಕ್ಕೆ ಅಡ್ಡ ಕೊಡುವ ಚಾಕ್ ಇರಲಿಲ್ಲ, ನಾಲ್ಕೂ ಎಂಜಿನ್‌ಗಳ ಶಕ್ತಿ ಒಟ್ಟಿಗೆ ಏರಿಸಲಾಗಿತ್ತು. ಏರಿನಲ್ಲಿ ಲಾರಿ ನಿಲ್ಲಿಸಿದರೆ ನಮ್ಮ ಘಟ್ಟದ ಕ್ಲೀನರ್ ಹುಡುಗ ಮೊದಲು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಅನುಭವಿಗಳಿದ್ದ ಜಾಗದಲ್ಲಿ ಅದೇ ತಪ್ಪಿತು. ವಿಮಾನ ಹೊರಟು ಗೋಡೆ ಮುಟ್ಟಲು ಹಿಡಿದದ್ದು ಸುಮಾರು 13 ಸೆಕೆಂಡು. ಅಷ್ಟರೊಳಗೆ ಥ್ರಾಟಲ್ ಹಿಂದಕ್ಕೆ ಎಳೆಯಬೇಕೆಂದು ಕೈಗೇ ಹೊಳೆಯಬೇಕು. ಪುಸ್ತಕ ಓದಿ ಅದು ಬರುವುದಿಲ್ಲ.

ಹಾಗಾಗಿ ಈಗ ಮೆಕ್ಯಾನಿಕ್‌ಗಳಿಗೂ ಸಿಮ್ಯುಲೇಟರ್ ಪಾಠ ಇದೆ. ಸ್ಟಾರ್ಟ್ ಆಗುವಾಗ ಎಂಜಿನ್ ಅತಿಯಾಗಿ ಕಾಯುವುದು, ಬೆಂಕಿ ಹತ್ತುವುದು, ವಿಮಾನ ಜಾರುವುದು, ಎಲ್ಲವನ್ನೂ ಸುಳ್ಳು ಕಾಕ್‌ಪಿಟ್‌ನಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಲೈಸೆನ್ಸ್ ಒಂದೇ ಸಾಲದು, ಆಯಾ ವಿಮಾನದ ಎಂಜಿನ್ ಓಡಿಸಲು ಬೇರೆ ಅನುಮತಿ ಬೇಕು.

ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳುವುದು ಟಿಕೆಟ್ ಮತ್ತು ಪ್ರವಾಸಿಗರ ಸುದ್ದಿ. ನಮ್ಮ ಐಟಿಐ, ಡಿಪ್ಲೊಮಾ ಮಕ್ಕಳು ಅಲ್ಲಿ ಸ್ಪ್ಯಾನರ್ ಹಿಡಿಯುವ ದಿನವೂ ಬರಬಹುದು. ಅವರಿಗೆ ಕೆಲಸದ ಜೊತೆ ಈ ತರಬೇತಿಯನ್ನೂ ಕೇಳುವವರು ನಾವೇ ಆಗಬೇಕು, ಅದೂ ಮೊದಲ ವಿಮಾನ ಅಲ್ಲಿ ಇಳಿಯುವ ಮುಂಚೆ.