‘ಟೈಪ್’ ಎಂಬ ಒಂದು ಪದ: ಶಬ್ಲಿಯ ವೈಟ್ ವೈನ್‌ನಿಂದ ಶಿರಸಿ ಅಡಿಕೆಯವರೆಗೆ

ಹೋದ ವರ್ಷ ಪುಣೆಯ ಒಂದು ಅಂಗಡಿಯಲ್ಲಿ ಅಡಿಕೆ ಪೊಟ್ಟಣ ಕೊಂಡೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಸಿರ್ಸಿ ಟೈಪ್ ಸುಪಾರಿ’ ಎಂದಿತ್ತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬೇರೊಂದು ರಾಜ್ಯದ ವಿಳಾಸ. ಒಂದು ಹೋಳು ಬಾಯಿಗೆ ಹಾಕಿದೆ. ಬಿಸಿಲಲ್ಲಿ ಒಣಗಿಸಿ ಸುಲಿದ ನಮ್ಮ ಚಾಲಿ ಅಡಿಕೆಯ ರುಚಿ ಅದರಲ್ಲಿ ಇರಲಿಲ್ಲ. ಉಳಿದದ್ದನ್ನು ಊರಿಗೆ ತಂದು ದೊಡ್ಡಪ್ಪನಿಗೆ ತೋರಿಸಿದೆ. ಅಂಗಳದಲ್ಲಿ ಅಡಿಕೆ ತಿರುವಿ ಹಾಕುತ್ತಿದ್ದ ಅವರು ಪೊಟ್ಟಣವನ್ನು ಬಿಸಿಲಿಗೆ ಹಿಡಿದು ಓದಿದರು. “ತಮಾ, ಹೆಸ್ರು ನಂಗಳದ್ದು, ದುಡ್ಡು ಅವ್ರದ್ದು” ಎಂದರು.

ಆ ‘ಟೈಪ್’ ಎಂಬ ಪದ ನನ್ನ ತಲೆಯಿಂದ ಹೋಗಲಿಲ್ಲ. ಇದೇ ಪದವನ್ನು ವೈನ್ ಬಾಟಲಿಯ ಮೇಲೆ ಬರೆದಿದ್ದರೆ ಕತೆ ಬೇರೆ. ‘ಶಬ್ಲಿ ಟೈಪ್ ವೈಟ್ ವೈನ್’ ಎಂದು ಬರೆದು, ತಯಾರಾದ ಊರಿನ ಹೆಸರನ್ನು ಪ್ರಾಮಾಣಿಕವಾಗಿ ಕೆಳಗೆ ಹಾಕಿದರೂ ಅದು ತಪ್ಪು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲೇ ಆ ಪದದ ಹೆಸರೆತ್ತಿ ನಿಷೇಧ ಹಾಕಿದ್ದಾರೆ. ಅಡಿಕೆಗೆ ಆ ನಿಷೇಧ ಇಲ್ಲ. ಮಾವಿಗೂ ಇಲ್ಲ. ದ್ರಾಕ್ಷಿ ಬೆಳೆಗಾರರಿಗೆ ಸಿಕ್ಕಿದ್ದು ಅಡಿಕೆ ಬೆಳೆಗಾರರಿಗೆ ಯಾಕೆ ಸಿಗಲಿಲ್ಲ? ಇದನ್ನು ತಿಳಿಯಲು ನೂರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಶಬ್ಲಿ ಫ್ರಾನ್ಸಿನ ಯೊನ್ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಪಕ್ಕದಲ್ಲಿ ಸೆರೆನ್ ಎಂಬ ಹೊಳೆ. ಸುತ್ತಲಿನ ಗುಡ್ಡಗಳ ಮಣ್ಣು ಸುಣ್ಣದ್ದು. ಅದನ್ನು ಕೈಯಲ್ಲಿ ಪುಡಿ ಮಾಡಿದರೆ ಕಲ್ಲಾಗಿ ಹೋದ ಪುಟಾಣಿ ಚಿಪ್ಪುಗಳು ಸಿಗುತ್ತವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಅಘನಾಶಿನಿ ಅಳಿವೆಯಲ್ಲಿ ಬೆಳಚು ಆಯುವವರಿಗೆ, ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ನೋಡಿದವರಿಗೆ ಈ ಮಣ್ಣನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅಲ್ಲಿ ಬೆಳೆಯುವುದು ಶಾರ್ಡನೆ ಎಂಬ ಬಿಳಿ ದ್ರಾಕ್ಷಿ. ಅದರಿಂದ ತಯಾರಾಗುವ ವೈನ್‌ಗೆ ಸಿಹಿ ಕಡಿಮೆ, ಹುಳಿ ಚುರುಕು.

19ನೇ ಶತಮಾನದಲ್ಲಿ ಯೊನ್ ಜಿಲ್ಲೆಯಲ್ಲಿ ಸುಮಾರು 40,000 ಹೆಕ್ಟೇರ್ ದ್ರಾಕ್ಷಿ ಇತ್ತು. ಪ್ಯಾರಿಸ್ ಹತ್ತಿರ, ದೋಣಿಯಲ್ಲೇ ಪೀಪಾಯಿ ಸಾಗಿಸಬಹುದಿತ್ತು. ಆಮೇಲೆ ರೈಲು ಬಂತು. ದಕ್ಷಿಣದ ಅಗ್ಗದ ವೈನ್ ಪ್ಯಾರಿಸ್ ತುಂಬಿತು. ಅದರ ಬೆನ್ನಿಗೇ ಬಂದದ್ದು ಫಿಲಾಕ್ಸೆರಾ. ಅಮೆರಿಕದಿಂದ ಬಂದ, ಬೇರು ಹೀರುವ ಕೀಟ ಅದು. ಕೊಳೆ ರೋಗಕ್ಕೆ ತೋಟ ಕೊಟ್ಟವರಿಗೆ ಆ ಸಂಕಟ ಗೊತ್ತು. ಫ್ರಾನ್ಸಿನಲ್ಲಿ ಬಳ್ಳಿಗಳು ಊರಿಗೆ ಊರೇ ಒಣಗಿದವು.

ಬೆಳೆ ಹೋಯಿತು, ಹೆಸರು ಉಳಿಯಿತು. ಮಾಲು ಇಲ್ಲದ ಹೆಸರಿಗೆ ಗಿರಾಕಿ ಇದ್ದರೆ ಏನಾಗುತ್ತದೆ? ಯಾರೋ ಎಲ್ಲಿಂದಲೋ ಏನನ್ನೋ ತಂದು ತುಂಬುತ್ತಾರೆ. ಒಣದ್ರಾಕ್ಷಿ ನೆನೆಸಿ ವೈನ್ ಮಾಡಿದರು. ಸಕ್ಕರೆ ನೀರು ಬೆರೆಸಿದರು. ಬೇರೆ ಊರಿನ ವೈನ್‌ಗೆ ಶಬ್ಲಿ, ಶಾಂಪೇನ್ ಎಂದು ಚೀಟಿ ಅಂಟಿಸಿದರು.

ಕಾನೂನು ಹುಟ್ಟಿದ್ದು ಇಲ್ಲಿಂದ. ಎಲ್ಲೆ ಗುರುತಿಸುವ ಯೋಚನೆ ಮಾತ್ರ ಇದಕ್ಕಿಂತ ಹಳೆಯದು. ಗೋವೆಯನ್ನು ಆಳುತ್ತಿದ್ದ ಪೋರ್ಚುಗೀಸರು ತಮ್ಮ ದೇಶದ ಡೋರು ಕಣಿವೆಯ ವೈನ್‌ಗೆ 1756ರಲ್ಲೇ ಸರಹದ್ದು ಹಾಕಿ, ನೂರಾರು ಕಲ್ಲು ಕಂಬ ನೆಟ್ಟಿದ್ದರು. ಆದರೆ ದೇಶ ದೇಶಗಳ ನಡುವಿನ ಲೆಕ್ಕದಲ್ಲಿ ಮುಖ್ಯವಾದದ್ದು 1891ರ ಮ್ಯಾಡ್ರಿಡ್ ಒಪ್ಪಂದ. ಯಾವ ಊರಿನ ಹೆಸರು ಊರಿನದಾಗಿ ಉಳಿದಿದೆ, ಯಾವುದು ಸವೆದು ಸರಕಿನ ಹೆಸರೇ ಆಗಿಬಿಟ್ಟಿದೆ ಎಂದು ತೀರ್ಮಾನಿಸುವುದನ್ನು ಆ ಒಪ್ಪಂದ ಆಯಾ ದೇಶದ ಕೋರ್ಟುಗಳಿಗೆ ಬಿಟ್ಟಿತು. ಆದರೆ ದ್ರಾಕ್ಷಿಯಿಂದ ತಯಾರಾದ ಸರಕಿನ ಊರಿನ ಹೆಸರು ಹಾಗೆ ಸವೆದುಹೋಗಿದೆ ಎಂದು ಮಾತ್ರ ಕೋರ್ಟುಗಳು ಹೇಳುವಂತಿಲ್ಲ ಎಂದಿತು. ಇವತ್ತು ನಾವು ನೋಡುತ್ತಿರುವ ತಾರತಮ್ಯದ ಮೊದಲ ಬೀಜ ಈ ಒಂದು ಸಾಲು ಎಂದು ನನಗೆ ಅನಿಸುತ್ತದೆ. ಆ ಕಾಲದಲ್ಲಿ ಮೇಜಿನ ಸುತ್ತ ಕೂತವರಲ್ಲಿ ವೈನ್ ದೇಶದವರಿದ್ದರು. ಅಡಿಕೆ ದೇಶದವರು ಯಾರೂ ಇರಲಿಲ್ಲ. ನಮ್ಮ ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದ ಒಂದು ಜಿಲ್ಲೆ.

ಫ್ರಾನ್ಸಿನ ಒಳಗೂ ಕೆಲಸ ಸುಲಭವಾಗಿರಲಿಲ್ಲ. 1905ರಲ್ಲಿ ಕಲಬೆರಕೆ ವಿರುದ್ಧ ಕಾನೂನು ಬಂತು. 1908ರಲ್ಲಿ ಅಧಿಕಾರಿಗಳು ನಕ್ಷೆ ಹಿಡಿದು ಶಾಂಪೇನ್ ಪ್ರದೇಶಕ್ಕೆ ಗೆರೆ ಎಳೆದರು. ಓಬ್ ಜಿಲ್ಲೆ ಗೆರೆಯ ಹೊರಗೆ ಬಿತ್ತು. ಒಳಗಿನ ವ್ಯಾಪಾರಿಗಳು ಹೊರಗಿನ ವೈನ್ ತರಿಸುವುದು ನಿಲ್ಲಲಿಲ್ಲ. 1911ರಲ್ಲಿ ರೈತರು ದಂಗೆ ಎದ್ದರು. ಪೀಪಾಯಿ ಒಡೆದು ವೈನ್ ಚೆಲ್ಲಿದರು. ಆಯಿ ಎಂಬ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು. ಸರ್ಕಾರ ಸೈನ್ಯ ಕಳಿಸಿತು. ಒಳಗಿನವರು ಗೆರೆ ಗಟ್ಟಿಯಾಗಲಿ ಎಂದರು, ಹೊರಗಿನವರು ಗೆರೆಯೇ ಬೇಡ ಎಂದರು. ಇಬ್ಬರ ಹೊಟ್ಟೆಪಾಡೂ ನಿಜವಾದದ್ದೇ.

ಯುದ್ಧ ಮುಗಿದ ಮೇಲೆ 1919ರಲ್ಲಿ ಹೊಸ ಕಾನೂನು ಬಂತು. ಗೆರೆ ಎಳೆಯುವ ಕೆಲಸ ಅಧಿಕಾರಿಗಳಿಂದ ಕೋರ್ಟಿಗೆ ಹೋಯಿತು. ಅದೇ ವರ್ಷದ ವರ್ಸೇಲ್ಸ್ ಶಾಂತಿ ಒಪ್ಪಂದದಲ್ಲೂ, ವೈನ್ ಪ್ರದೇಶಗಳ ಹೆಸರನ್ನು ಜರ್ಮನಿ ಗೌರವಿಸಬೇಕು ಎಂಬ ಷರತ್ತು ಸೇರಿತು. ಸೋತ ದೇಶದ ಮುಂದೆ ಇಟ್ಟ ಪಟ್ಟಿಯಲ್ಲಿ ಬಾಟಲಿಯ ಹೆಸರೂ ಇತ್ತು ಅಂದರೆ ಅದಕ್ಕೆ ಎಷ್ಟು ತೂಕ ಕೊಟ್ಟಿದ್ದರು ನೋಡಿ.

1919ರ ಕಾನೂನಿನಲ್ಲಿ ಒಂದು ದೊಡ್ಡ ತೂತು ಇತ್ತು. ಊರು ಸರಿಯಿದ್ದರೆ ಸಾಕು, ಯಾವ ತಳಿ ಬೇಕಾದರೂ ನೆಡಬಹುದಿತ್ತು. ಜಾಸ್ತಿ ಇಳುವರಿಯ ಕಳಪೆ ತಳಿ ನೆಟ್ಟು ಹೆಸರಾಂತ ಊರಿನ ಚೀಟಿ ಅಂಟಿಸಿದವರು ಹೊರಗಿನವರಲ್ಲ, ಅದೇ ಊರಿನವರು. ಮಣ್ಣು ಮತ್ತು ತಳಿಯನ್ನೂ ಲೆಕ್ಕಕ್ಕೆ ತರಲು 1927ರವರೆಗೆ ಕಾಯಬೇಕಾಯಿತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಫ್ರೆಂಚ್ ರಾಜಕಾರಣಿ ಜೋಸೆಫ್ ಕಾಪ್ಯು ಕೊನೆಗೆ 1935ರಲ್ಲಿ ಪೂರ್ತಿ ವ್ಯವಸ್ಥೆಯನ್ನೇ ಕಟ್ಟಿಸಿದರು. ಬೆಳೆಗಾರರೂ ಅಧಿಕಾರಿಗಳೂ ಕೂತು ನಿಯಮ ಬರೆಯುವ ರಾಷ್ಟ್ರೀಯ ಸಮಿತಿ ಅದು. ಊರಿನ ಎಲ್ಲೆ, ತಳಿ, ಎಕರೆವಾರು ಇಳುವರಿ, ಮದ್ಯಸಾರದ ಪ್ರಮಾಣ, ಮಾಡುವ ವಿಧಾನ, ಎಲ್ಲವೂ ಬರಹದಲ್ಲಿ ಬಂತು.

ಶಬ್ಲಿಗೆ ಈ ಮುದ್ರೆ ಸಿಕ್ಕಿದ್ದು 1938ರಲ್ಲಿ. ಶಾರ್ಡನೆ ಬಿಟ್ಟು ಬೇರೆ ದ್ರಾಕ್ಷಿ ಹಾಕುವಂತಿಲ್ಲ. ಈಗಿನ ನಿಯಮದಲ್ಲಿ ಸಾಮಾನ್ಯ ಶಬ್ಲಿಗೆ ಹೆಕ್ಟೇರಿಗೆ 6,000 ಲೀಟರ್ ಮೂಲ ಮಿತಿ. ಪಟ್ಟಣದ ಎದುರಿನ ಗುಡ್ಡದ ‘ಗ್ರಾಂ ಕ್ರು’, ಅಂದರೆ ಮೇಲು ದರ್ಜೆಯ ಹೊಲಗಳಿಗೆ ಅದು 5,400 ಲೀಟರ್. ಒಳ್ಳೆಯ ಜಾಗದವನು ಕಡಿಮೆ ಬೆಳೆಯಬೇಕು ಎಂಬ ಈ ನಿಯಮ ನನಗೆ ಬಹಳ ಇಷ್ಟ. ಹೆಸರು ದೊಡ್ಡದಾದಷ್ಟೂ ಹೊಣೆ ಜಾಸ್ತಿ, ಅಲ್ವಾ?

ಮುದ್ರೆ ಸಿಕ್ಕಿದ ಕೂಡಲೇ ಸಮೃದ್ಧಿ ಬರಲಿಲ್ಲ. 1950ರ ದಶಕದಲ್ಲಿ ಶಬ್ಲಿಯಲ್ಲಿ ಉಳಿದದ್ದು ಸುಮಾರು 500 ಹೆಕ್ಟೇರ್. ವಸಂತದ ಹಿಮ ಚಿಗುರನ್ನು ಸುಟ್ಟು ಹಾಕುತ್ತಿತ್ತು. ಆಮೇಲೆ ಬೇಡಿಕೆ ಏರಿತು, ಜಗಳವೂ ಬಂತು. ಚಿಪ್ಪಿನ ಮಣ್ಣಿರುವ ಇಳಿಜಾರು ಮಾತ್ರ ನಿಜವಾದ ಶಬ್ಲಿ ಎಂದಿತು ಒಂದು ಗುಂಪು. ಮೇಲಿನ ಬಯಲಿನ ಬೇರೆ ಸುಣ್ಣಕಲ್ಲಿನ ನೆಲದಲ್ಲೂ ಒಳ್ಳೆಯ ದ್ರಾಕ್ಷಿ ಬರುತ್ತದೆ ಎಂದಿತು ಇನ್ನೊಂದು. 1970ರ ದಶಕದಲ್ಲಿ ಎರಡನೆಯವರ ಮಾತು ಗೆದ್ದಿತು. ಈಗ ಅಲ್ಲಿ 5,000 ಹೆಕ್ಟೇರ್‌ಗಿಂತ ಹೆಚ್ಚು ದ್ರಾಕ್ಷಿ ಇದೆ. ಗೆಲುವು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ.

ಊರಿನೊಳಗೆ ಇಷ್ಟೆಲ್ಲ ನಡೆಯುವಾಗ ಕಡಲಾಚೆ ಆ ಹೆಸರು ದಿಕ್ಕಾಪಾಲಾಗಿತ್ತು. ಅಮೆರಿಕದಲ್ಲಿ ‘ಶಬ್ಲಿ’ ಅಂದರೆ ಸುಮ್ನೆ ಅಗ್ಗದ ವೈಟ್ ವೈನ್. ಗುಲಾಬಿ ಬಣ್ಣದ ಶಬ್ಲಿಯೂ ಬಂತು. ಇಂಗ್ಲೆಂಡಿನಲ್ಲಿ ‘ಸ್ಪ್ಯಾನಿಷ್ ಶಾಂಪೇನ್’ ಮಾರುತ್ತಿದ್ದವರ ವಿರುದ್ಧ ಶಾಂಪೇನ್ ತಯಾರಕರು ಹೂಡಿದ ಕ್ರಿಮಿನಲ್ ಕೇಸು 1958ರಲ್ಲಿ ಬಿದ್ದುಹೋಯಿತು. ಅವರು ಬಿಡಲಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ 1960ರಲ್ಲಿ ಗೆದ್ದರು. ಸ್ಪೇನಿನದು ಎಂದು ಬರೆದ ಮಾತ್ರಕ್ಕೆ ಶಾಂಪೇನ್ ಎನ್ನುವ ಹಕ್ಕು ಬರುವುದಿಲ್ಲ ಎಂದಿತು ಕೋರ್ಟು. ಪುಣೆಯ ಪೊಟ್ಟಣಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ನನಗೆ ಕಾಣುವುದಿಲ್ಲ.

ಇದೇ ಯೋಚನೆ 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ ಗಟ್ಟಿಯಾಯಿತು. ಅದರ 22ನೇ ವಿಧಿ ಎಲ್ಲ ಸರಕಿಗೂ ಸೇರಿದ್ದು. ಅದರಡಿ ಗೆಲ್ಲಬೇಕಾದರೆ ಗಿರಾಕಿ ದಾರಿ ತಪ್ಪುತ್ತಾನೆ, ಇಲ್ಲವೇ ಇದು ಅನ್ಯಾಯದ ಪೈಪೋಟಿ ಎಂದು ತೋರಿಸಬೇಕು. 23ನೇ ವಿಧಿ ವೈನ್ ಮತ್ತು ಮದ್ಯಕ್ಕೆ ಮಾತ್ರ. ಅಲ್ಲಿ ಏನನ್ನೂ ತೋರಿಸಬೇಕಿಲ್ಲ. ಆ ಊರಿನದಲ್ಲದ ವೈನ್‌ಗೆ ಆ ಊರಿನ ಹೆಸರು ಹಾಕುವಂತಿಲ್ಲ. ‘ಬಗೆ’, ‘ಟೈಪ್’, ‘ಸ್ಟೈಲ್’, ‘ಅನುಕರಣೆ’ ಎಂಬ ಬಾಲ ಜೋಡಿಸಿದರೂ ಅಷ್ಟೇ. ಹಳೆಯ ಬಳಕೆಗೆ ಒಂದಿಷ್ಟು ರಿಯಾಯಿತಿ ಉಳಿಯಿತು. ಹಾಗಾಗಿ ಯುರೋಪಿಯನ್ ಒಕ್ಕೂಟದ ಜೊತೆಗಿನ 2006ರ ಒಪ್ಪಂದದ ನಂತರವೂ ಅಮೆರಿಕದ ಹಳೆಯ ಲೇಬಲ್‌ಗಳಲ್ಲಿ ಶಬ್ಲಿ ಹೆಸರು ಮುಂದುವರಿಯಲು ಅವಕಾಶ ಸಿಕ್ಕಿತು. ಆಸ್ಟ್ರೇಲಿಯಾ ಮಾತ್ರ ಅದೇ ಒಕ್ಕೂಟದ ಜೊತೆ ಮಾಡಿಕೊಂಡು 2010ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಶಬ್ಲಿ, ಶಾಂಪೇನ್ ಎರಡನ್ನೂ ಬಿಟ್ಟುಕೊಟ್ಟಿತು.

ಕಾನೂನು ಗಟ್ಟಿಯಾದಾಗ ಅನ್ಯಾಯವೂ ಆಗಬಹುದು. ಸ್ವಿಟ್ಜರ್ಲೆಂಡಿನಲ್ಲಿ ಶಾಂಪೇನ್ ಎಂಬ ಹೆಸರಿನದೇ ಒಂದು ಹಳೆಯ ಹಳ್ಳಿ ಇದೆ. ಅಲ್ಲಿಯ ರೈತರು ತಲೆತಲಾಂತರದಿಂದ ವೈಟ್ ವೈನ್ ಮಾಡುತ್ತಾರೆ, ಅದರಲ್ಲಿ ನೊರೆಯೂ ಇಲ್ಲ. ಯುರೋಪಿಯನ್ ಒಕ್ಕೂಟದ ಜೊತೆಗಿನ ಒಪ್ಪಂದದಿಂದಾಗಿ 2004ರಿಂದ ಅವರು ತಮ್ಮ ಬಾಟಲಿ ಮೇಲೆ ತಮ್ಮ ಊರಿನ ಹೆಸರು ಬರೆಯುವಂತಿಲ್ಲ. ಕೋರ್ಟಿಗೆ ಹೋದರು, 2007ರಲ್ಲಿ ಸೋತರು. ಆ ಹಳ್ಳಿಯವರ ಬಗ್ಗೆ ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ತನ್ನ ದೇಶದಲ್ಲೇ ರಕ್ಷಣೆ ಇಲ್ಲದ ಹೆಸರನ್ನು ಬೇರೆ ದೇಶ ಕಾಯಬೇಕಿಲ್ಲ ಎನ್ನುತ್ತದೆ ಟ್ರಿಪ್ಸ್. 1997ರಲ್ಲಿ ಅಮೆರಿಕದ ಕಂಪನಿಯೊಂದು ಬಾಸ್ಮತಿ ಅಕ್ಕಿಗೆ ಪೇಟೆಂಟ್ ಪಡೆದಾಗ ನಮ್ಮವರಿಗೆ ಬಿಸಿ ತಟ್ಟಿತು. 1999ರಲ್ಲಿ ಸಂಸತ್ತು ಭೌಗೋಳಿಕ ಸೂಚಕ, ಅಂದರೆ ಜಿಐ ಕಾಯ್ದೆ ಮಾಡಿತು. 2003ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾದ್ದು. ನಾಸಿಕ್ ಕಣಿವೆಯ ವೈನ್‌ಗೂ ಜಿಐ ಇದೆ. ಶಾಂಪೇನ್ ಕೂಡ ನಮ್ಮ ಪಟ್ಟಿಯಲ್ಲಿದೆ.

ಗೋವೆಯ ಗೇರು ಫೆನಿಗೆ 2009ರಲ್ಲಿ ಜಿಐ ಸಿಕ್ಕಿತು. ಕಾರವಾರದವರಿಗೆ ಇದು ಪಕ್ಕದ ಮನೆಯ ವಿಷಯ. ಗೇರುಮರ ಮಾಜಾಳಿಯ ಗುಡ್ಡದಲ್ಲೂ ಇದೆ, ಗಡಿಯಾಚೆ ಪೊಳೆಂನಲ್ಲೂ ಇದೆ. ಮಣ್ಣು, ಮಳೆ, ಕಡಲ ಗಾಳಿ ಒಂದೇ. ಆದರೆ ಜಿಐ ಗೆರೆ ರಾಜ್ಯದ ಗಡಿಯ ಮೇಲೇ ಬಿದ್ದಿದೆ. ಆಚೆಯದು ಫೆನಿ, ಈಚೆಯದು ಅಲ್ಲ. ಫೆನಿ ಮದ್ಯವಾದ್ದರಿಂದ 23ನೇ ವಿಧಿಯ ಬಲವೂ ಅದಕ್ಕಿದೆ.

ಶಿರಸಿ ಅಡಿಕೆಗೆ ಜಿಐ ಬಂದದ್ದು 2019ರಲ್ಲಿ. ಅರ್ಜಿ ಹಾಕಿದ್ದು ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ. ವ್ಯಾಪ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು. ಘಟ್ಟದ ಕೆಳಗೆ ಕುಮಟಾ, ಹೊನ್ನಾವರದಲ್ಲೂ ಅಡಿಕೆ ಇದೆ, ಅದು ಗೆರೆಯ ಹೊರಗೆ. ಅಂಕೋಲೆಯ ಕರಿ ಇಷಾಡ್ ಮಾವಿಗೆ 2023ರಲ್ಲಿ ಮುದ್ರೆ ಸಿಕ್ಕಿತು. ಸಿಪ್ಪೆ ತೆಳು, ತಿರುಳು ಜಾಸ್ತಿ, ಹೆಚ್ಚು ದಿನ ಇಟ್ಟುಕೊಳ್ಳುವ ಹಣ್ಣಲ್ಲ. ಇಷಾಡ್ ಎಂಬುದು ತಳಿಯ ಹೆಸರು. ಇಲ್ಲಿ ಇಟಲಿಯವರಿಂದ ಒಂದು ಪಾಠವಿದೆ. ಅವರ ಪ್ರೊಸೆಕ್ಕೊ ಎಂಬ ನೊರೆಯ ವೈಟ್ ವೈನ್‌ನ ದ್ರಾಕ್ಷಿಗೂ ಅದೇ ಹೆಸರಿತ್ತು. ತಳಿ ಬೆಳೆದವರೆಲ್ಲ ಹೆಸರು ಬಳಸತೊಡಗಿದರು. 2009ರಲ್ಲಿ ಇಟಲಿ ದ್ರಾಕ್ಷಿಗೆ ‘ಗ್ಲೇರಾ’ ಎಂದು ಹೆಸರು ಬದಲಿಸಿ, ಪ್ರೊಸೆಕ್ಕೊ ಎಂಬುದನ್ನು ಊರಿಗೆ ಕಟ್ಟಿಹಾಕಿತು. ಆಸ್ಟ್ರೇಲಿಯಾದ ಬೆಳೆಗಾರರು ಇನ್ನೂ ಒಪ್ಪಿಲ್ಲ. ಅಂಕೋಲೆಯವರು ಹಣ್ಣಿನ ಪೆಟ್ಟಿಗೆ ಮೇಲೆ ಇಷಾಡ್ ಎನ್ನುವಷ್ಟೇ ದೊಡ್ಡದಾಗಿ ಅಂಕೋಲೆ ಎಂದೂ ಬರೆಯಬೇಕು ಎಂಬುದು ನನ್ನ ಆಸೆ.

ವೈನ್‌ಗೆ ಸಿಕ್ಕ ರಕ್ಷಣೆ ಎಲ್ಲ ಸರಕಿಗೂ ಬೇಕು ಎಂದು ಭಾರತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಎರಡು ದಶಕಗಳಿಂದ ಕೇಳುತ್ತಿದೆ. ಅಮೆರಿಕ, ಆಸ್ಟ್ರೇಲಿಯಾ ಒಪ್ಪುತ್ತಿಲ್ಲ. ಆದರೆ ನಮ್ಮ ದೇಶದೊಳಗಿನ ಮಾರಾಟಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಸರಕಿಗೆ ಹೆಚ್ಚುವರಿ ರಕ್ಷಣೆ ಕೊಡಬಹುದು ಎಂದು ಜಿಐ ಕಾಯ್ದೆಯ 22ನೇ ಕಲಂನ ಎರಡನೇ ಉಪಕಲಂ ಹೇಳುತ್ತದೆ. ಅಡಿಕೆಗೆ ಆ ಬಾಗಿಲು ತೆರೆದರೆ ‘ಸಿರ್ಸಿ ಟೈಪ್’ ಎಂಬ ಪೊಟ್ಟಣ ಪುಣೆಯಲ್ಲೂ ತಪ್ಪಾಗುತ್ತದೆ. ನಮ್ಮ ಜಿಲ್ಲೆಯ ಸಂಘಗಳು ಒಟ್ಟಾಗಿ ಕೇಳಬೇಕಾದದ್ದು ಇದನ್ನು.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಚೀಲದ ಒಳ್ಗೆ ಎಂತ ಇದ್ದು ಹೇಳಿ ಯಾರು ನೋಡ್ತ?” ಶಬ್ಲಿಯಲ್ಲಿ ಅದಕ್ಕೆ ಉತ್ತರವಿದೆ. ಹೊರಗಿನ ಪರೀಕ್ಷಕರು ಹೊಲಕ್ಕೆ ಬರುತ್ತಾರೆ, ಲೆಕ್ಕ ನೋಡುತ್ತಾರೆ, ವೈನ್ ರುಚಿ ನೋಡುತ್ತಾರೆ. ನಮ್ಮ ಜಿಐ ಅರ್ಜಿಯಲ್ಲೂ ತಪಾಸಣೆ ಹೇಗೆ ಎಂದು ಬರೆಯಬೇಕಾಗುತ್ತದೆ. ಅದು ಕಾಗದ ಬಿಟ್ಟು ವಖಾರಿಗೆ ಇಳಿಯಬೇಕು. ಹೊರಗಿನ ಅಡಿಕೆ ತಂದು ನಮ್ಮ ರಾಶಿಗೆ ಬೆರೆಸುವವರು ಇದ್ದಾರೆ ಎಂಬ ಮಾತು ಬೆಳೆಗಾರರ ಬಾಯಲ್ಲೇ ಇದೆಯಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಸಂಘದ ಹೆಸರಲ್ಲಿ ಜಿಐ ಇದ್ದರೆ ಮುಗಿಯಲಿಲ್ಲ. ಬೆಳೆಗಾರ ಅಧಿಕೃತ ಬಳಕೆದಾರನಾಗಿ ಬೇರೆ ನೋಂದಣಿ ಮಾಡಿಸಬೇಕು. ಆಗಲೇ ಆ ಹೆಸರು ಬಳಸುವ ಹಕ್ಕು ಅವನದಾಗುತ್ತದೆ. 2020ರಲ್ಲಿ ಆ ಅರ್ಜಿಯ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಮೊನ್ನೆ ಕೊನೆ ಕೊಯ್ಲಿನ ಗಡಿಬಿಡಿಯ ನಡುವೆ, ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತರು. ನಾನು ಅರ್ಜಿ ಓದಿ ಹೇಳಿದೆ, ಅವರು ಪಹಣಿ ನೋಡಿ ತೋಟದ ಸರ್ವೆ ನಂಬರ್ ಬರೆದುಕೊಟ್ಟರು.